ಡಿಶ್‌ವಾಷರ್‌ನಲ್ಲಿ ಬಾಂಡೆ ಬೆಳಗುತ್ತಿಲ್ಲವೇ? ಮೊದಲು ನೀರು ನೋಡಿ

ಹಾವೇರಿ ಸೀಮೆಯ ಅಡುಗೆಮನೆಗೂ ಡಿಶ್‌ವಾಷರ್ ಬಂದಿದೆ. ಹೊಸದರಲ್ಲಿ ಫಳಫಳ ಹೊಳೆದ ತಾಟು, ವಾಟಿಗಳು ಕೆಲವು ತಿಂಗಳಿಗೆ ಮಂಕಾದರೆ ಎಲ್ಲರೂ ಬೈಯುವುದು ಯಂತ್ರವನ್ನೇ. ಆದರೆ 1886ರಲ್ಲಿ ಅಮೆರಿಕದ ಜೋಸೆಫೀನ್ ಕಾಕ್ರೇನ್ ಪೇಟೆಂಟ್ ಪಡೆದ ಕಾಲದಿಂದಲೂ ಈ ಯಂತ್ರದ ಗುಟ್ಟು ತಿಕ್ಕುವುದರಲ್ಲಿಲ್ಲ, ನೀರನ್ನು ರಭಸದಿಂದ ಚಿಮ್ಮಿಸುವುದರಲ್ಲಿದೆ. ಹಾಗಾಗಿ ಹುಡುಕಾಟವನ್ನು ನೀರಿನಿಂದಲೇ ಶುರು ಮಾಡಿ.

1. ನೀರಿನ ಗಡಸುತನ ತಿಳಿದುಕೊಳ್ಳಿ. ಸಾಬೂನು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ ಎಂದರೆ ಅದು ಗಡಸು ನೀರು. ನಳದಲ್ಲಿ ಬರುವ ತುಂಗಭದ್ರೆ ನೀರು ಮೆದು, ಬೋರಿನ ನೀರು ಸಾಮಾನ್ಯವಾಗಿ ಗಡಸು. ಎರಡನ್ನೂ ಒಂದೇ ಟ್ಯಾಂಕಿಗೆ ಬಿಡುವ ಮನೆಗಳಲ್ಲಿ ಬೋರಿನ ಲೆಕ್ಕಕ್ಕೇ ಯಂತ್ರ ಹೊಂದಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಅಗ್ಗದ ಪರೀಕ್ಷಾ ಪಟ್ಟಿ ಅದ್ದಿ ನೋಡಿ, ಕೈಪಿಡಿಯಲ್ಲಿ ಹೇಳಿದ ಅಂಕಿಗೆ ತಿರುಗಿಸಿ.

2. ಉಪ್ಪಿನ ಡಬ್ಬಿ ಖಾಲಿ ಬಿಡಬೇಡಿ. ಯಂತ್ರದೊಳಗಿನ ರಾಳದ ಹರಳುಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೀರಿ ಸೋಡಿಯಂ ಬಿಟ್ಟುಕೊಡುತ್ತವೆ. ಉಪ್ಪುನೀರು ಆ ಹರಳುಗಳನ್ನು ಮತ್ತೆ ಸಜ್ಜುಗೊಳಿಸುತ್ತದೆ. ಅಡುಗೆಯ ಪುಡಿ ಉಪ್ಪು ಹಾಕಬೇಡಿ. ಗಂಟುಕಟ್ಟದಿರಲೆಂದು ಅದಕ್ಕೆ ಬೆರೆಸಿದ್ದು ಒಳಗೆ ತೊಂದರೆ ಕೊಡುತ್ತದೆ. ಡಿಶ್‌ವಾಷರ್ ಉಪ್ಪನ್ನೇ ತನ್ನಿ. ತುಂಬಿದ ಕೂಡಲೇ ಒಂದು ಸಲ ಯಂತ್ರ ಓಡಿಸಿ. ಚೆಲ್ಲಿದ ಉಪ್ಪುನೀರು ನಿಂತರೆ ಸ್ಟೀಲನ್ನೂ ತಿನ್ನುತ್ತದೆ.

3. ಬಿಳಿ ಪೊರೆಗೆ ನಿಂಬೆಹೋಳು ಉಜ್ಜಿ. ಹೋದರೆ ಅದು ಸುಣ್ಣ. ಗಾಜಿನ ಲೋಟದಿಂದ ಹೋಗದಿದ್ದರೆ ಗಾಜೇ ಸವೆದಿದೆ, ಅದಕ್ಕೆ ಮದ್ದಿಲ್ಲ.

4. ಒತ್ತಡ ನೋಡಿ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ಒಂದೇ ಅಂತಸ್ತಿನ ಮನೆಯ ಟ್ಯಾಂಕಿನಿಂದ ಅದರ ಮೂರನೇ ಒಂದು ಭಾಗ ಸಿಕ್ಕರೆ ಹೆಚ್ಚು. ಯಂತ್ರದ ನಳಕ್ಕೆ ಹತ್ತು ಲೀಟರಿನ ಬಕೆಟ್ ಹಿಡಿಯಿರಿ. ತುಂಬಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಪೈಪಿನ ಬಾಯಲ್ಲಿರುವ ಸಣ್ಣ ಜಾಲರಿ ತೊಳೆಯಿರಿ. ಬೋರಿನ ಮರಳು ಸಿಕ್ಕಿಕೊಳ್ಳುವುದು ಅಲ್ಲಿಯೇ.

5. ತಳದ ಫಿಲ್ಟರ್ ವಾರಕ್ಕೊಮ್ಮೆ ಬಿಚ್ಚಿ. ಸಾಸಿವೆ, ಕರಿಬೇವು, ಮೆಣಸಿನ ಬೀಜ, ಶೇಂಗಾ ಚಟ್ನಿಪುಡಿ ಎಲ್ಲ ಅಲ್ಲಿ ಕೂತಿರುತ್ತವೆ. ತಿರುಗುವ ತೋಳುಗಳ ತೂತುಗಳನ್ನೂ ಕಡ್ಡಿಯಿಂದ ಬಿಡಿಸಿ. ಎತ್ತರದ ಬೋಗುಣಿಗೆ ತಾಗಿ ತೋಳು ನಿಂತುಹೋಗುವುದೂ ಉಂಟು. ಬಾಗಿಲು ಹಾಕುವ ಮುನ್ನ ಕೈಯಿಂದ ಒಂದು ಸುತ್ತು ತಿರುಗಿಸಿ.

6. ರೊಟ್ಟಿ ಹಿಟ್ಟು ನಾದಿದ ಪರಾತ ತಣ್ಣೀರಲ್ಲಿ ಗಲಬರಿಸಿ ಇಡಿ. ಹಸಿ ಜೋಳದ ಹಿಟ್ಟು ಬಿಸಿನೀರು ತಾಗಿದರೆ ಅಂಟಾಗಿ ಕಚ್ಚಿಕೊಳ್ಳುತ್ತದೆ. ಅಂಥ ದಿನ ಅರ್ಧ ತಾಸಿನ ಅವಸರದ ತೊಳೆತ ಸಾಲದು. ಕಬ್ಬಿಣದ ಹಂಚು ಮಾತ್ರ ಒಳಗೆ ಬೇಡವೇ ಬೇಡ, ತುಕ್ಕು ಹಿಡಿಯುತ್ತದೆ.

7. ಬ್ಯಾಡಗಿ ಕೆಂಪನ್ನು ಕೊಳೆ ಎಂದುಕೊಳ್ಳಬೇಡಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಅಪಾರ. ಆ ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಬಿಸಿ ಎಣ್ಣೆಯ ಜೊತೆ ಪ್ಲಾಸ್ಟಿಕ್ಕಿಗೆ ಇಳಿದರೆ ಎಷ್ಟು ಸಲ ತೊಳೆದರೂ ಬಿಡದು. ಎಣಗಾಯಿ ಡಬ್ಬಿಯ ಎಣ್ಣೆಯನ್ನು ಮೊದಲು ಕಾಗದದಿಂದ ಒರೆಸಿ. ಕಲೆಯಾದದ್ದನ್ನು ಬಿಸಿಲಿಗಿಡಿ, ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಸಾರು, ಪಲ್ಯ ಸ್ಟೀಲ್ ಡಬ್ಬಿಯಲ್ಲಿಟ್ಟರೆ ಈ ಪಾಡೇ ಇಲ್ಲ.

8. ಇಷ್ಟಾದರೂ ಜಿಡ್ಡು ಉಳಿದರೆ ಬಿಸಿನೀರಿನ ತೊಳೆತದ ನಡುವೆ ಯಂತ್ರ ನಿಲ್ಲಿಸಿ, ಬಾಗಿಲನ್ನು ನಿಧಾನಕ್ಕೆ ತೆರೆಯಿರಿ. ಒಳಗೆ ಹಬೆಯೇ ಇಲ್ಲದೆ ತಣ್ಣಗಿದ್ದರೆ ಹೀಟರಿನ ಮೇಲೆ ಅನುಮಾನ. ಅದು ಕರೆಂಟಿನ ಕೆಲಸ, ನೀವು ಬಿಚ್ಚಬೇಡಿ. ಮೆಕ್ಯಾನಿಕ್ ಬಂದಾಗ ನೀರಿನ ಗಡಸುತನದ ಅಂಕಿ, ಬಕೆಟ್ ತುಂಬಲು ಹಿಡಿದ ಹೊತ್ತು ಎರಡನ್ನೂ ಮೊದಲೇ ಹೇಳಿಬಿಡಿ.