ಬಿಲ್ ಸೊನ್ನೆ, ಆದರೂ ಸೋಲಾರ್ ಬೇಕೇ?

ಪ್ರಶ್ನೆ: ನಮ್ಮದು ಸ್ವಂತ ಮನೆ, ಮೂವರೇ ಇರುವುದು. ಗೀಸರ್, ಫ್ರಿಜ್ ಎಲ್ಲ ಇದ್ದರೂ ಗೃಹಜ್ಯೋತಿಯಿಂದಾಗಿ ಕರೆಂಟ್ ಬಿಲ್ ಸೊನ್ನೆ. ಎಂಜಿನಿಯರಿಂಗ್ ಓದುವ ಮಗಳು, ‘ಬಿಟ್ಟಿ ಅಂತ ಕಲ್ಲಿದ್ದಲು ಸುಡ್ತಿದ್ದೀವಿ. ಮಾಳಿಗೆ ಮೇಲೆ ಸೋಲಾರ್ ಹಾಕಿಸಿ, ಗ್ಯಾಸ್ ಬಿಡಿ’ ಎಂದು ಹಟ ಹಿಡಿದಿದ್ದಾಳೆ. ನಮ್ಮ ಯಜಮಾನರು, ‘ಬಿಲ್ಲೇ ಬರದ ಮನೆಗೆ ಲಕ್ಷ ಸುರಿಯೋಕೆ ನನಗೇನು ಹುಚ್ಚೇ?’ ಎನ್ನುತ್ತಾರೆ. ಊಟಕ್ಕೆ ಕೂತರೆ ಇದೇ ಜಗಳ. ನಾನು ಯಾರ ಮಾತು ಕೇಳಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಯಜಮಾನರದು ದುಡ್ಡಿನ ಲೆಕ್ಕ, ಮಗಳದು ಹೊಗೆಯ ಲೆಕ್ಕ. ಎರಡೂ ತಾಳೆಯಾಗುವುದು ನಿಮ್ಮ ಬಚ್ಚಲಲ್ಲಿ ಮತ್ತು ಅಡುಗೆಮನೆಯಲ್ಲಿ ತಾಯಿ. ಅಲ್ಲಿಂದಲೇ ಶುರು ಮಾಡಿ.

ಎರಡು ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಮೂವರಿಗೆ 100 ಲೀಟರಿನ ಸೋಲಾರ್ ವಾಟರ್ ಹೀಟರ್ ಸಾಕು. ಮೋಡದ ದಿನಕ್ಕೆ ಗೀಸರ್ ಇರಲಿ. ಬೋರ್‌ವೆಲ್ ನೀರಾದರೆ ಸುಣ್ಣ ಕಟ್ಟುತ್ತದೆ, ವರ್ಷಕ್ಕೊಮ್ಮೆ ತೊಳೆಸಿ.

ಉಳಿದ ಯೂನಿಟ್ಟನ್ನು ಇಂಡಕ್ಷನ್ ಒಲೆಗೆ ಕೊಡಿ. ಅನ್ನ, ಬೇಳೆ, ಹಾಲು, ಚಹಾ ಅದರಲ್ಲಾದರೆ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ಬಿಲ್ ಏರುವುದಿಲ್ಲ, ಸಿಲಿಂಡರ್ ಮಾತ್ರ ಹೆಚ್ಚು ದಿನ ಬರುತ್ತದೆ. ಒಲೆಗೆ 16 ಆಂಪಿಯರ್ ಪ್ಲಗ್ ಬೇಕು; ಪಾತ್ರೆಯ ತಳ ಸಮತಟ್ಟಾಗಿರಬೇಕು, ಅಯಸ್ಕಾಂತ ಅಂಟಬೇಕು. ಜೋಳದ ರೊಟ್ಟಿ ಉಬ್ಬಲು, ಬದನೆಕಾಯಿ ಸುಡಲು ಬೆಂಕಿಯೇ ಬೇಕು, ಹಾಗಾಗಿ ಗ್ಯಾಸನ್ನು ಪೂರ್ತಿ ಬಿಡುವ ಹಟ ಬೇಡವೆಂದು ಮಗಳಿಗೆ ಹೇಳಿ.

ಒಂದು ಎಚ್ಚರ: ನಿಮ್ಮ ಮನೆಗೆ ಗೊತ್ತುಮಾಡಿದ ಉಚಿತ ಯೂನಿಟ್ ದಾಟಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಆದ್ದರಿಂದ ಹೀಟರ್ ಮೊದಲು, ಒಲೆ ಆಮೇಲೆ.

ಮಗಳ ಕಲ್ಲಿದ್ದಲ ಚಿಂತೆ ಸುಳ್ಳಲ್ಲ. ಸೂರ್ಯ ಮುಳುಗಿದ ಮೇಲೆ ರಾಯಚೂರು, ಬಳ್ಳಾರಿಯ ಸ್ಥಾವರಗಳನ್ನು ನೆಚ್ಚಿಕೊಳ್ಳದೆ ವಿಧಿಯಿಲ್ಲ. ಹಗಲಿನಲ್ಲಿ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ನೀರಿನ ಮೋಟರ್, ವಾಷಿಂಗ್ ಮಷಿನ್, ಇಸ್ತ್ರಿ ಮಧ್ಯಾಹ್ನಕ್ಕೆ ಹಾಕಿಕೊಳ್ಳಿ. ಇದಕ್ಕೆ ನಯಾಪೈಸೆ ಖರ್ಚಿಲ್ಲ.

ಮಾಳಿಗೆಯ ಸೋಲಾರ್‌ಗೆ ಸದ್ಯ ಅವಸರವಿಲ್ಲ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ಗೆ 60 ಸಾವಿರ, ಮೂರು ಮತ್ತು ಮೇಲ್ಪಟ್ಟರೆ 78 ಸಾವಿರ ರೂಪಾಯಿ ಸಬ್ಸಿಡಿಯಿದೆ. ಆದರೂ ಸೊನ್ನೆ ಬಿಲ್ಲಿನ ಮನೆಯಲ್ಲಿ ಹಾಕಿದ ಹಣ ಬೇಗ ಗಿಟ್ಟದು. ಮುಂದೆ ಎಸಿಯೋ ಎಲೆಕ್ಟ್ರಿಕ್ ಸ್ಕೂಟರೋ ಬಂದು 200 ದಾಟುವಂತಾದರೆ ಯಜಮಾನರೇ ಒಪ್ಪಿಯಾರು. ಆಗ ‘ಕರೆಂಟ್ ಹೋದರೂ ಲೈಟ್ ಉರಿಯುತ್ತೆ’ ಎನ್ನುವ ಏಜೆಂಟರನ್ನು ನಂಬಬೇಡಿ. ಬ್ಯಾಟರಿಯಿಲ್ಲದ ಸಾಮಾನ್ಯ ಸೋಲಾರ್, ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲೆಂದು ಲೈನ್ ಜೊತೆಗೇ ನಿಲ್ಲುತ್ತದೆ. ಗೃಹಜ್ಯೋತಿಯ ಲೆಕ್ಕ ಏನಾಗುತ್ತದೆಂದು ಬೆಸ್ಕಾಂ ಕಚೇರಿಯಲ್ಲಿ ವಿಚಾರಿಸಿಯೇ ಮುಂಗಡ ಕೊಡಿ.