ಮಹಾನಗರಪಾಲಿಕೆಯ ವಕೀಲರು

ವಕೀಲರು ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಕರಿಯ ನಿಲುವಂಗಿ, ಕಟಕಟೆಯಲ್ಲಿ ನಿಂತ ಆರೋಪಿ ಮತ್ತು ಬಿರುಸಾದ ಸವಾಲು ಜವಾಬುಗಳ ಚಿತ್ರ. ಆದರೆ ಕಳವು ಕೊಲೆಗಳ ಗೊಡವೆಯಿಲ್ಲದೆ, ಒಂದು ಇಡೀ ನಗರವನ್ನೇ ತಮ್ಮ ಕಕ್ಷಿಗಾರನನ್ನಾಗಿ ಪಡೆದು ದುಡಿಯುವ ವಕೀಲರೂ ಉಂಟು. ನಾವು ಕುಡಿಯುವ ನೀರು, ನಡೆಯುವ ದಾರಿ, ಹರಿಯುವ ಚರಂಡಿ, ಓದುವ ಶಾಲೆ ಇವೆಲ್ಲವುಗಳ ಹಿಂದೆ ಕಾಯಿದೆಯ ಒಂದೊಂದು ಎಳೆ ಇದೆ. ಆ ಎಳೆ ಸಿಕ್ಕಾಗದಂತೆ ನೋಡಿಕೊಳ್ಳುವುದೇ ಮಹಾನಗರಪಾಲಿಕೆಯ ವಕೀಲರ ಉದ್ಯೋಗ. ನಗರವಾಸಿಗಳಾದ ನಾವು ಅದರ ಸ್ವರೂಪವನ್ನು ಅರಿತುಕೊಳ್ಳುವುದು ಉಚಿತವಾಗಿದೆ.

ಮೊದಲಿಗೆ, ನಗರಕ್ಕೆ ವಕೀಲರೇಕೆ ಬೇಕು ಎಂಬ ಪ್ರಶ್ನೆಯನ್ನು ವಿಚಾರಿಸೋಣ. ನಮ್ಮ ಮುಂಬಯಿಯ ಪಾಲಿಕೆ ನಡೆಯುವುದು 1888ರ ಕಾಯಿದೆಯ ಮೇರೆಗೆ. ಈ ಕಾಯಿದೆಯ ದೃಷ್ಟಿಯಲ್ಲಿ ಪಾಲಿಕೆಯೂ ಒಬ್ಬ 'ವ್ಯಕ್ತಿ'. ಅದು ಆಸ್ತಿಯನ್ನು ಕೊಳ್ಳಬಲ್ಲದು, ಕರಾರು ಮಾಡಿಕೊಳ್ಳಬಲ್ಲದು, ದಾವೆ ಹೂಡಬಲ್ಲದು. ಅದರ ಮೇಲೆಯೂ ದಾವೆ ಹೂಡಬಹುದು. ಆದರೆ ನಮಗೂ ಈ ವ್ಯಕ್ತಿಗೂ ದೊಡ್ಡದೊಂದು ಭೇದವುಂಟು. ಕಾಯಿದೆ ಬೇಡವೆನ್ನದ ಯಾವ ಕೆಲಸವನ್ನಾದರೂ ನಾವು ಮಾಡಬಹುದು. ಪಾಲಿಕೆಯಾದರೋ ಕಾಯಿದೆ ಒಪ್ಪಿದ ಕೆಲಸವನ್ನು ಮಾತ್ರ ಮಾಡಬಹುದು. ಆ ಕಾಯಿದೆಯ 61ನೆಯ ಕಲಮು ಪಾಲಿಕೆ ಮಾಡಲೇಬೇಕಾದ ಕರ್ತವ್ಯಗಳನ್ನೂ, 63ನೆಯ ಕಲಮು ಮಾಡಬಹುದಾದ ಕಾರ್ಯಗಳನ್ನೂ ಹೇಳುತ್ತವೆ. ಪ್ರಾಥಮಿಕ ಶಿಕ್ಷಣ ಮೊದಲನೆಯ ಗುಂಪಿಗೆ ಸೇರಿದ್ದು. ಮುಂಬಯಿ ಪಾಲಿಕೆ ಕನ್ನಡದಲ್ಲಿಯೂ ಶಾಲೆಗಳನ್ನು ನಡೆಸಿಕೊಂಡು ಬಂದಿರುವುದನ್ನು ನಾವು ಬಲ್ಲೆವು. ಶಾಲೆ ನಡೆಸುವುದು ಯಾರೋ ತೋರಿದ ಔದಾರ್ಯವಲ್ಲ, ಕಾಯಿದೆ ವಿಧಿಸಿದ ಹೊಣೆ.

ಈ ನಗರಾಡಳಿತವನ್ನು ರೂಪಿಸಿದ ಪ್ರಮುಖರಲ್ಲಿ ಫಿರೋಜ್‌ಶಾ ಮೆಹತಾ (1845-1915) ಅವರೂ ಒಬ್ಬರು. ಅವರು 1868ರಲ್ಲಿ ಬ್ಯಾರಿಸ್ಟರರಾದ ನ್ಯಾಯವೇತ್ತರು. ಪಾಲಿಕೆಯ ಮುಖ್ಯ ಕಚೇರಿಯ ಎದುರಿಗೆ ಅವರ ಪ್ರತಿಮೆ ನಿಂತಿದೆ. 1992ರ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ನಗರಾಡಳಿತಕ್ಕೆ ನಮ್ಮ ಸಂವಿಧಾನದಲ್ಲಿಯೇ ಸ್ಥಾನ ಕೊಟ್ಟಿತು. ಅದು 1993ರ ಜೂನ್ 1ರಂದು ಜಾರಿಗೆ ಬಂದಿತು. ಅದರೊಡನೆ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ನೀರು ಪೂರೈಕೆ, ರಸ್ತೆ, ಕೊಳಚೆ ಪ್ರದೇಶಗಳ ಸುಧಾರಣೆ, ಸ್ಮಶಾನ ಮೊದಲಾದ 18 ವಿಷಯಗಳಿವೆ.

ಇಷ್ಟೊಂದು ವಿಷಯಗಳಿರುವ ಕಚೇರಿಯಲ್ಲಿ ವಕೀಲರು ಒಂದೇ ವಿದ್ಯೆಯನ್ನು ಹಿಡಿದು ಕೂತರೆ ಸಾಗದು. ಅವರ ಮೇಜಿನ ಮೇಲೆ ಬರುವ ಕಡತಗಳನ್ನು ಊಹಿಸಿಕೊಳ್ಳೋಣ. ಒಂದರಲ್ಲಿ ರಸ್ತೆಯ ಗುತ್ತಿಗೆದಾರನ ಕರಾರು. ಇನ್ನೊಂದರಲ್ಲಿ ನಿವೃತ್ತ ನೌಕರನೊಬ್ಬನ ಪಿಂಚಣಿಯ ತಕರಾರು. ಮೂರನೆಯದರಲ್ಲಿ ಆಸ್ತಿ ತೆರಿಗೆ ಹೆಚ್ಚಾಯಿತೆಂಬ ಮೇಲ್ಮನವಿ. ನಾಲ್ಕನೆಯದರಲ್ಲಿ ಮರ ಕಡಿಯಲು ಅನುಮತಿ. ಐದನೆಯದರಲ್ಲಿ 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಬಂದ ಅರ್ಜಿ. ವೈದ್ಯರಲ್ಲಿ ಕಣ್ಣಿಗೊಬ್ಬರು, ಹೃದಯಕ್ಕೊಬ್ಬರು ಇರುವಂತೆ ವಕೀಲರಲ್ಲಿಯೂ ಒಂದೊಂದು ಶಾಖೆಯ ತಜ್ಞರಿದ್ದಾರೆ. ಪಾಲಿಕೆಯ ವಕೀಲರಾದರೋ ಎಲ್ಲ ರೋಗಗಳನ್ನೂ ಮೊದಲು ನೋಡುವ ಮನೆವೈದ್ಯರಂತೆ. ಯಾವುದನ್ನು ತಾವೇ ಪರಿಹರಿಸಬಹುದು, ಯಾವುದಕ್ಕೆ ತಜ್ಞರು ಬೇಕು ಎಂಬ ವಿವೇಕವೇ ಅವರ ಮುಖ್ಯ ಬಂಡವಾಳ.

ಇನ್ನು, ಅವರ ಕಕ್ಷಿಗಾರರು ಯಾರು? ಮಹಾಪೌರರೇ? ಆಯುಕ್ತರೇ? ನಗರಸೇವಕರೇ? ಇವರಾರೂ ಅಲ್ಲ. ಕಾಯಿದೆಯಿಂದ ಹುಟ್ಟಿದ ಪಾಲಿಕೆಯೆಂಬ ಸಂಸ್ಥೆಯೇ ಅವರ ಕಕ್ಷಿಗಾರ. ಅಧಿಕಾರದಲ್ಲಿರುವವರು ಬದಲಾಗುತ್ತಾರೆ, ಸಂಸ್ಥೆ ಉಳಿಯುತ್ತದೆ. ಆದುದರಿಂದ ಮೇಲಧಿಕಾರಿಯ ಮನಸ್ಸಿಗೆ ಹಿತವಾದ ಸಲಹೆಗಿಂತ ಸಂಸ್ಥೆಗೆ ಹಿತವಾದ ಸಲಹೆಯನ್ನು ಕೊಡುವುದು ಅವರ ಧರ್ಮ. ನ್ಯಾಯಾಲಯವು 'ಕೂಡದು' ಎನ್ನುವ ಮೊದಲೇ ಕಚೇರಿಯೊಳಗೆ 'ಕೂಡದು' ಎನ್ನುವ ಧೈರ್ಯ ಅವರಿಗಿರಬೇಕು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಹಳೆಯ ಚಾಳೊಂದು ಮಳೆಗಾಲದಲ್ಲಿ ಬೀಳುವಂತಿದೆ ಎಂದು ಭಾವಿಸೋಣ. ಅಪಾಯದ ಕಟ್ಟಡವನ್ನು ದುರಸ್ತಿ ಮಾಡಿರಿ ಅಥವಾ ಕೆಡವಿರಿ ಎಂದು ಲಿಖಿತ ನೋಟೀಸು ಕೊಡುವ ಅಧಿಕಾರವನ್ನು 354ನೆಯ ಕಲಮು ಆಯುಕ್ತರಿಗೆ ಕೊಟ್ಟಿದೆ. ಎಂಜಿನಿಯರರು 'ಇಂದೇ ತೆರವು ಮಾಡಿಸಿರಿ' ಎನ್ನುತ್ತಾರೆ. 'ಮನೆ ಬಿಟ್ಟರೆ ನಮ್ಮ ಬಾಡಿಗೆಯ ಹಕ್ಕು ಹೋಗುವುದು' ಎಂದು ಬಾಡಿಗೆದಾರರು ಅಂಜುತ್ತಾರೆ. ಮಾಲೀಕನಿಗೆ ಬರಿಯ ನಿವೇಶನ ಕೈಗೆ ಬಂದರೆ ಲಾಭ. ಆಗ ವಕೀಲರು ಕೇಳುವ ಪ್ರಶ್ನೆಗಳು ಇವು: ಕಟ್ಟಡವನ್ನು ತಜ್ಞರು ಪರೀಕ್ಷಿಸಿದ್ದಾರೆಯೇ? ನೋಟೀಸಿನಲ್ಲಿ ಕಾರಣ ಬರೆದಿದೆಯೇ? ಅದು ಎಲ್ಲರ ಕೈಗೂ ತಲುಪಿದೆಯೇ? ಪ್ರತಿಯೊಂದು ಬಿಡಾರದಲ್ಲಿ ಯಾರಿದ್ದರು, ಎಷ್ಟು ಜಾಗವಿತ್ತು ಎಂಬುದನ್ನು ಅಳೆದು ಬರೆದಿಟ್ಟಿದ್ದಾರೆಯೇ? ತಡಮಾಡಿದರೆ ಪ್ರಾಣಹಾನಿ, ಅವಸರಪಟ್ಟರೆ ಬಡವರ ಹಕ್ಕಿಗೆ ಹಾನಿ. ಎರಡನ್ನೂ ತಪ್ಪಿಸುವ ದಾರಿಯನ್ನು ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ, ಹುಡುಕಬೇಕು. ಒಂದು ಅಳತೆಯ ಪಟ್ಟಿ ಒಂದು ಕುಟುಂಬದ ನಾಳೆಯ ಮನೆಗೆ ಆಧಾರವಾಗಬಲ್ಲದು.

ನೋಟೀಸಿನ ಮಹತ್ವವನ್ನು ತಿಳಿಯಲು ನಮ್ಮ ನಗರದ್ದೇ ಒಂದು ಪ್ರಸಿದ್ಧ ಮೊಕದ್ದಮೆಯನ್ನು ನೋಡಬಹುದು. 1981ರಲ್ಲಿ ಮುಂಬಯಿಯ ಕಾಲುದಾರಿಗಳಲ್ಲಿ ವಾಸಿಸುತ್ತಿದ್ದವರನ್ನು ತೆರವು ಮಾಡಿಸಲು ಸರಕಾರ ಹೊರಟಿತು. ಅವರ ಪರವಾಗಿ ಪತ್ರಕರ್ತೆ ಓಲ್ಗಾ ಟೆಲಿಸ್ ಮೊದಲಾದವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಕಾಲುದಾರಿಯ ಅತಿಕ್ರಮಣವನ್ನು ನೋಟೀಸಿಲ್ಲದೆಯೂ ತೆಗೆಸಬಹುದೆಂದು 314ನೆಯ ಕಲಮು ಹೇಳುತ್ತದೆ. ಪಾಲಿಕೆ ಅದನ್ನೇ ಆಧಾರವಾಗಿ ಹಿಡಿಯಿತು. 1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ನೇತೃತ್ವದ ಐವರ ಪೀಠವು ತೀರ್ಪಿತ್ತಿತು. ಕಲಮು ಸಿಂಧುವಾಗಿಯೇ ಉಳಿಯಿತು. ಆದರೆ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆ ಎಂದು ನ್ಯಾಯಾಲಯ ಸಾರಿತು. ನೋಟೀಸಿಲ್ಲದೆ ತೆಗೆಸಬಹುದು ಎಂದರೆ ತೆಗೆಸಲೇಬೇಕು ಎಂದಲ್ಲ. ಸಾಮಾನ್ಯವಾಗಿ ನೋಟೀಸು ಕೊಡುವುದೇ ನಿಯಮ, ಕೊಡದಿರುವುದು ಅಪವಾದ ಎಂದು ವಿವರಿಸಿತು. ಮಳೆಗಾಲ ಕಳೆಯುವವರೆಗೆ, ಅಂದರೆ ಆ ವರ್ಷದ ಅಕ್ಟೋಬರ್ 31ರವರೆಗೆ, ಅವರನ್ನು ಎಬ್ಬಿಸಕೂಡದೆಂದು ಆಜ್ಞಾಪಿಸಿತು. 'ಬಹುದು' ಎಂಬ ಒಂದೇ ಪದದಲ್ಲಿ ಎಷ್ಟು ಹೊಣೆ ಅಡಗಿದೆ ಎಂಬುದನ್ನು ಪಾಲಿಕೆಯ ವಕೀಲರು ಅಂದಿನಿಂದ ನೆನಪಿಡಬೇಕಾಗಿದೆ.

ಇನ್ನೊಂದು ಮೊಕದ್ದಮೆ ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ್ದು. ಅಲ್ಲಿ ತೆರೆದ ಚರಂಡಿ, ಮಲಿನ ನೀರು, ದುರ್ಗಂಧಗಳಿಂದ ಬೇಸತ್ತ ನಿವಾಸಿಗಳು ಮ್ಯಾಜಿಸ್ಟ್ರೇಟರಲ್ಲಿ ದೂರಿದರು. ನಮ್ಮಲ್ಲಿ ಹಣವಿಲ್ಲ ಎಂಬುದು ಪುರಸಭೆಯ ವಾದಗಳಲ್ಲೊಂದು. 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರು ಆ ವಾದವನ್ನು ಒಪ್ಪಲಿಲ್ಲ; ಕಾಯಿದೆ ಹೊರಿಸಿದ ಕರ್ತವ್ಯವನ್ನು ಬೊಕ್ಕಸ ಬರಿದೆಂದು ಹೇಳಿ ತಪ್ಪಿಸಿಕೊಳ್ಳಲಾಗದು ಎಂದು ತೀರ್ಪಿತ್ತರು. ಮೊದಲನೆಯ ಮೊಕದ್ದಮೆ ಅಧಿಕಾರಕ್ಕೆ ಮೇರೆಯನ್ನು ಹಾಕಿತು. ಇದು ಕರ್ತವ್ಯವನ್ನು ನೆನಪಿಸಿತು.

2024ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಕಟ್ಟಡಗಳನ್ನು ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟೀಸು ಕೊಡಬೇಕೆಂದು ದೇಶಕ್ಕೆಲ್ಲ ನಿಯಮ ವಿಧಿಸಿತು. ರಸ್ತೆ, ಕಾಲುದಾರಿ, ಜಲಾಶಯ ಮೊದಲಾದ ಸಾರ್ವಜನಿಕ ಸ್ಥಳಗಳ ಅನಧಿಕೃತ ಕಟ್ಟಡಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಂಥಲ್ಲಿ 1985ರ ತೀರ್ಪಿನ ಬೆಳಕಿನಲ್ಲಿಯೇ ನಡೆಯಬೇಕು. ಎರಡು ತೀರ್ಪುಗಳನ್ನೂ ಒಟ್ಟಿಗೆ ಓದಿ, ಎದುರಿಗಿರುವ ಗೋಡೆ ಯಾವುದಕ್ಕೆ ಸೇರಿದ್ದು ಎಂದು ನಿರ್ಣಯಿಸುವುದು ವಕೀಲರ ಕೆಲಸ.

ನಾಗರಿಕರಿಗೂ ಇಲ್ಲಿ ಒಂದು ನಿಯಮವಿದೆ. ಮುಂಬಯಿ ಪಾಲಿಕೆಯ ಕಾರ್ಯದಿಂದ ನೊಂದವರು ದಾವೆ ಹೂಡುವ ಮೊದಲು 527ನೆಯ ಕಲಮಿನಂತೆ ಸಾಮಾನ್ಯವಾಗಿ ಒಂದು ತಿಂಗಳ ಲಿಖಿತ ನೋಟೀಸು ಕೊಡಬೇಕು. ಆ ಅವಧಿಯಲ್ಲಿ ತಪ್ಪು ಯಾರದೆಂದು ವಿಚಾರಿಸಿ, ಪಾಲಿಕೆಯದೇ ಆಗಿದ್ದರೆ ಸರಿಪಡಿಸಿರೆಂದು ಹೇಳಲು ವಕೀಲರಿಗೆ ಅವಕಾಶವುಂಟು. ಹೂಡದೆ ಉಳಿದ ದಾವೆಯೂ ಅವರ ಪಾಲಿಗೆ ಒಂದು ಗೆಲುವೇ.

ಈ ಉದ್ಯೋಗವನ್ನು ಬಯಸುವವರು ಹನ್ನೆರಡನೆಯ ತರಗತಿಯ ಅನಂತರ ಐದು ವರ್ಷ, ಇಲ್ಲವೆ ಪದವಿಯ ಅನಂತರ ಮೂರು ವರ್ಷ ನ್ಯಾಯಶಾಸ್ತ್ರವನ್ನು ಓದಬೇಕು. ಮುಂಬಯಿಯಲ್ಲಿ ಪಾಲಿಕೆಯ ಕಡತಗಳು ಮರಾಠಿಯಲ್ಲಿ ನಡೆಯುತ್ತವೆ. ಉಚ್ಚ ನ್ಯಾಯಾಲಯದ ವಾದ ಇಂಗ್ಲಿಷಿನಲ್ಲಿ ನಡೆಯುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಹಿಂದಿ, ಪಾಠದಲ್ಲಿ ಇಂಗ್ಲಿಷು ಎಂದು ಹಲವು ನುಡಿಗಳ ನಡುವೆ ಬೆಳೆದ ನಮಗೆ ಇದು ಹೊರೆಯಲ್ಲ, ಅನುಕೂಲವೇ ಸರಿ. ದೂರು ತಂದವನ ಮಾತನ್ನು ಅವನ ನುಡಿಯಲ್ಲಿಯೇ ಕೇಳಬಲ್ಲ ವಕೀಲನಿಗೆ ಅರ್ಧ ಮೊಕದ್ದಮೆ ಅಲ್ಲಿಯೇ ತಿಳಿದುಹೋಗುತ್ತದೆ.

ವಿದ್ಯಾರ್ಥಿ ಮಿತ್ರರು ಇನ್ನು ಮುಂದೆ ಗೋಡೆಯ ಮೇಲೆ ಪಾಲಿಕೆಯ ನೋಟೀಸನ್ನು ಕಂಡರೆ ಸುಮ್ಮನೆ ಸಾಗದೆ ಒಮ್ಮೆ ಓದಬೇಕು. ಯಾವ ಕಲಮು, ಏನು ಕಾರಣ, ಎಷ್ಟು ದಿನಗಳ ಗಡುವು, ಉತ್ತರ ಕೊಡಬೇಕಾದುದು ಯಾರಿಗೆ ಎಂದು ಗುರುತಿಸಬೇಕು. ಓದಲು ಬಾರದ ನೆರೆಯವರಿಗೆ ಅದನ್ನು ತಿಳಿಸಿ ಹೇಳಬೇಕು. ಗಡುವು ಮೀರಿ ಹೋಗುವ ಮುನ್ನ ಅವರು ಉತ್ತರ ಬರೆಯುವಂತಾದರೆ, ನಾವು ಕಲಿತ ಅಕ್ಷರ ಸಾರ್ಥಕವಾದಂತೆಯೇ.