ಅಧಿಕಾರದಿಂದ ಇಳಿದವರ ಮಾತು

ಕಳೆದ ವರ್ಷ ನಮ್ಮ ಶಾಲೆಯ ಚರ್ಚಾಕೂಟದಲ್ಲಿ ಒಂದು ವಿಷಯವನ್ನು ಇಡಲಾಗಿತ್ತು: ‘ಅಧಿಕಾರದಿಂದ ಇಳಿದ ನಾಯಕರು ತಮ್ಮ ತರುವಾಯ ಬಂದವರ ಆರೋಗ್ಯನೀತಿಯನ್ನು ಬಹಿರಂಗವಾಗಿ ಟೀಕಿಸುವುದು ಉಚಿತವೆ?’ ಉಚಿತವಲ್ಲವೆಂದು ವಾದಿಸಿದ ವಿದ್ಯಾರ್ಥಿಯೊಬ್ಬನು, “ಬೀಗದ ಕೈಯನ್ನು ಸೊಸೆಗೆ ಒಪ್ಪಿಸಿದ ಮೇಲೆ ಅತ್ತೆಯು ಅಡಿಗೆಮನೆಯ ಬಾಗಿಲಲ್ಲಿ ನಿಂತು ಸಾರಿಗೆ ಉಪ್ಪು ಸಾಲದೆಂದು ಕೂಗಬಾರದು” ಎಂದನು. ಸಭೆಯೆಲ್ಲ ನಕ್ಕಿತು. ಆಗ ಹಡಪಸರದಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು, “೨೦೨೧ರಲ್ಲಿ ನಮ್ಮ ಅಜ್ಜಿ ಲಸಿಕೆಗಾಗಿ ಮೂರು ದಿನ ಸಾಲಿನಲ್ಲಿ ನಿಂತು, ಮೂರು ದಿನವೂ ಹಾಗೆಯೇ ಹಿಂದಿರುಗಿದರು. ಅದು ಉಪ್ಪಿನ ಮಾತಲ್ಲ. ಹಾಲು ಉಕ್ಕಿ ಒಲೆಯೇ ಆರುತ್ತಿದ್ದರೂ ಅತ್ತೆ ಸುಮ್ಮನೆ ಕೂತಿರಬೇಕೆ?” ಎಂದು ಕೇಳಿದಳು. ಈ ಸಲ ಯಾರೂ ನಗಲಿಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿತು. ನಿರ್ಣಯವಾಗದೆಯೇ ಸಭೆ ಮುಗಿಯಿತು. ಅಂದು ಉಳಿದುಹೋದ ವಿಚಾರವನ್ನು ಇಲ್ಲಿ ಮುಂದುವರಿಸಬೇಕೆಂದು ನಾವು ಬಯಸುತ್ತೇವೆ.

ಮೊದಲು, ಮೌನವೇ ಲೇಸೆನ್ನುವವರ ಪಕ್ಷವನ್ನು ನ್ಯಾಯವಾಗಿ ಕೇಳೋಣ. ಪ್ರಜಾಪ್ರಭುತ್ವದಲ್ಲಿ ಜನರು ಒಬ್ಬರನ್ನು ಇಳಿಸಿ ಮತ್ತೊಬ್ಬರನ್ನು ಕೂರಿಸುತ್ತಾರೆ. ಹೊಸಬರಿಗೆ ಕೆಲಸಮಾಡಲು ಅವಕಾಶ ಬೇಕು. ಹಳಬರ ಮಾತಿನಲ್ಲಿ ಅಸೂಯೆಯ ಅಂಶವೆಷ್ಟು, ಹಿತದ ಅಂಶವೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಮೇಲಾಗಿ, ರೋಗವು ಹಬ್ಬಿರುವ ಕಾಲದಲ್ಲಿ ಜನರ ನಂಬಿಕೆಯೇ ಅರ್ಧ ಔಷಧ. ದೊಡ್ಡವರಿಬ್ಬರು ಎರಡು ಬಗೆಯಾಗಿ ಮಾತನಾಡಿದರೆ, ಸಾಮಾನ್ಯ ಮನುಷ್ಯನು ಇಬ್ಬರನ್ನೂ ನಂಬದೆ ಲಸಿಕೆಯನ್ನೇ ಬಿಟ್ಟು ಮನೆಯಲ್ಲಿ ಕೂರಬಹುದು. ಅಮೆರಿಕದ ಅಧ್ಯಕ್ಷಪದವಿಯಿಂದ ೨೦೦೯ರಲ್ಲಿ ಇಳಿದ ಜಾರ್ಜ್ ಬುಷ್ ಅವರು, ತಮ್ಮ ನಂತರ ಬಂದ ಬರಾಕ್ ಒಬಾಮ ಅವರನ್ನು ತಾವು ಟೀಕಿಸುವುದಿಲ್ಲವೆಂದು ಹೇಳಿದ್ದರು. ಅದರಲ್ಲಿಯೂ ಒಂದು ಘನತೆಯಿದೆ.

ಇಷ್ಟನ್ನು ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಎಲ್ಲ ವಿಷಯಗಳೂ ಒಂದೇ ತೂಕದವೆ? ರಸ್ತೆಯು ಕೆಟ್ಟರೆ ಐದು ವರ್ಷಗಳ ಬಳಿಕ ಮತ್ತೆ ಕಟ್ಟಬಹುದು. ಆರೋಗ್ಯದಲ್ಲಿ ಆದ ತಪ್ಪು ಮುಂದಿನ ಚುನಾವಣೆಯ ತನಕ ಕಾಯುವುದಿಲ್ಲ. ಹೋದ ಜೀವ ಮತ್ತೆ ಬಾರದು. ಕುರುಸಭೆಯಲ್ಲಿ ದ್ರೌಪದಿಯು ಪ್ರಶ್ನೆ ಕೇಳಿದಾಗ, ಹಿರಿಯರಾದ ಭೀಷ್ಮರು ಧರ್ಮವು ಸೂಕ್ಷ್ಮವೆಂದು ಹೇಳಿ ನೇರವಾದ ಉತ್ತರವನ್ನು ಕೊಡದೆ ಹೋದರು. ಅಷ್ಟೆಲ್ಲ ಬಲ್ಲವರು ಅಂದು ಆಡದೆ ಉಳಿದ ಮಾತನ್ನು ನಮ್ಮ ಜನ ಇಂದಿಗೂ ಮರೆತಿಲ್ಲ. ಅಧಿಕಾರ ನಡೆಸಿ ಇಳಿದವನು ಒಳಗಿನ ಸಂಗತಿಗಳನ್ನು ಬಲ್ಲವನು. ಸರ್ಕಾರದ ಆದೇಶವೊಂದು ಕಾಗದದಿಂದ ಕಾರ್ಖಾನೆಗೆ ಹೋಗಲು ಎಷ್ಟು ದಿನ ಬೇಕು, ರಾಜ್ಯಗಳಿಗೆ ಹಂಚುವಾಗ ಎಲ್ಲಿ ತೊಡಕಾಗುತ್ತದೆ ಎಂಬುದನ್ನು ಅವನು ಅನುಭವದಿಂದ ಅರಿತಿರುತ್ತಾನೆ. ಆ ಅರಿವು ಅವನ ಸ್ವಂತ ಆಸ್ತಿಯಲ್ಲ. ಅದು ಜನರ ಹಣದಿಂದ, ಜನರ ಕೆಲಸದಲ್ಲಿ ಬಂದದ್ದು.

ಇದಕ್ಕೆ ದೂರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಪುಣೆಯ ಪೂರ್ವದಲ್ಲಿರುವ ಹಡಪಸರದಲ್ಲಿಯೇ ಸೀರಮ್ ಇನ್‌ಸ್ಟಿಟ್ಯೂಟ್ ಎಂಬ ಲಸಿಕೆಯ ಕಾರ್ಖಾನೆಯಿದೆ. ೧೯೬೬ರಲ್ಲಿ ಸೈರಸ್ ಪೂನಾವಾಲಾ ಅವರು ಸ್ಥಾಪಿಸಿದ ಈ ಸಂಸ್ಥೆಯು ಧನುರ್ವಾಯುವಿನ ಮದ್ದಿನಿಂದ ಕೆಲಸವನ್ನು ಆರಂಭಿಸಿ, ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಲಸಿಕೆಗಳನ್ನು ತಯಾರಿಸುವ ಸಂಸ್ಥೆಗಳಲ್ಲಿ ಒಂದಾಗಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಆಸ್ಟ್ರಾಜೆನೆಕಾ ಕಂಪನಿಗಳು ಸಿದ್ಧಪಡಿಸಿದ ಕೋವಿಡ್ ಲಸಿಕೆಯು ಇಲ್ಲಿ ‘ಕೋವಿಶೀಲ್ಡ್’ ಎಂಬ ಹೆಸರಿನಿಂದ ತಯಾರಾಯಿತು. ೨೦೨೧ರ ಜನವರಿ ೧೨ರ ಬೆಳಗಿನ ಜಾವದಲ್ಲಿ ಶೀತಲ ಪೆಟ್ಟಿಗೆಗಳನ್ನು ಹೊತ್ತ ಮೂರು ಲಾರಿಗಳು ಇಲ್ಲಿಂದ ಪುಣೆಯ ವಿಮಾನನಿಲ್ದಾಣಕ್ಕೆ ಹೊರಟವು. ಅಲ್ಲಿಂದ ಲಸಿಕೆಯು ಬೆಂಗಳೂರೂ ಸೇರಿದಂತೆ ೧೩ ಪಟ್ಟಣಗಳಿಗೆ ಹೋಯಿತು. ಆ ದಿನ ಪುಣೆಯವರೆಲ್ಲರಿಗೂ ಹೆಮ್ಮೆ.

ಮೂರು ತಿಂಗಳು ಕಳೆಯುವಷ್ಟರಲ್ಲಿ ರೋಗದ ಎರಡನೆಯ ಅಲೆ ಬಂದಿತು. ಏಪ್ರಿಲ್ ೧ರಿಂದ ೪೫ ವರ್ಷಕ್ಕೆ ಮೇಲ್ಪಟ್ಟವರೆಲ್ಲರಿಗೂ ಲಸಿಕೆಯೆಂದು ಸಾರಲಾಗಿತ್ತು. ಆದರೆ ಅದೇ ತಿಂಗಳಿನಲ್ಲಿ ಪುಣೆ ಜಿಲ್ಲೆಯ ಎಷ್ಟೋ ಕೇಂದ್ರಗಳು ಲಸಿಕೆ ಸಾಲದೆ ಬಾಗಿಲು ಮುಚ್ಚಬೇಕಾಯಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಬೇರೆ ಅರ್ಥದಲ್ಲಿ ಕೇಳಿದ್ದೆವು. ಹಿತ್ತಲಲ್ಲಿಯೇ ಮದ್ದು ಬೆಳೆದರೂ ಅದು ಮನೆಯವರ ಕೈಗೆ ಸಿಕ್ಕಲಿಲ್ಲವೆಂಬ ಹೊಸ ಅರ್ಥವನ್ನು ಅಂದು ಕಂಡೆವು. ನಮ್ಮ ವಿದ್ಯಾರ್ಥಿನಿಯ ಅಜ್ಜಿ ಸಾಲಿನಲ್ಲಿ ನಿಂತಿದ್ದುದು ಇದೇ ದಿನಗಳಲ್ಲಿ.

ಆಗ, ೨೦೦೪ರಿಂದ ೨೦೧೪ರವರೆಗೆ ದೇಶದ ಪ್ರಧಾನಮಂತ್ರಿಗಳಾಗಿದ್ದ ಡಾ. ಮನಮೋಹನ ಸಿಂಗ್ ಅವರು ಏಪ್ರಿಲ್ ೧೮ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರಿಗೆ ಒಂದು ಪತ್ರವನ್ನು ಬರೆದರು. ಅದು ಪತ್ರಿಕೆಗಳಲ್ಲಿಯೂ ಪ್ರಕಟವಾಯಿತು. ಅದರಲ್ಲಿ ಐದು ಸಲಹೆಗಳಿದ್ದವು. ಒಂದು, ಮುಂದಿನ ಆರು ತಿಂಗಳಿಗೆ ಯಾವ ತಯಾರಕರಿಗೆ ಎಷ್ಟು ಲಸಿಕೆಗೆ ಬೇಡಿಕೆ ಸಲ್ಲಿಸಲಾಗಿದೆ ಎಂಬುದನ್ನು ಸರ್ಕಾರವು ಜನರಿಗೆ ತಿಳಿಸಬೇಕು. ಎರಡು, ರಾಜ್ಯಗಳಿಗೆ ಹಂಚುವ ಸೂತ್ರವು ಎಲ್ಲರಿಗೂ ಕಾಣುವಂತಿರಬೇಕು. ತುರ್ತಿಗಾಗಿ ಕೇಂದ್ರವು ನೂರಕ್ಕೆ ಹತ್ತರಷ್ಟನ್ನು ಇಟ್ಟುಕೊಳ್ಳಬಹುದು. ಮೂರು, ಶಾಲೆಯ ಉಪಾಧ್ಯಾಯರು, ಬಸ್ಸು ರಿಕ್ಷಾಗಳನ್ನು ನಡೆಸುವವರು, ಪುರಸಭೆ ಪಂಚಾಯತಿಗಳ ನೌಕರರು ಮೊದಲಾದವರಿಗೆ ೪೫ ವರ್ಷವಾಗಿರದಿದ್ದರೂ ಲಸಿಕೆ ಕೊಡುವ ಸ್ವಾತಂತ್ರ್ಯವು ರಾಜ್ಯಗಳಿಗಿರಬೇಕು. ನಾಲ್ಕು, ತಯಾರಕರಿಗೆ ಧನಸಹಾಯವನ್ನು ಮಾಡಬೇಕು. ಕಾನೂನಿನ ಬಲದಿಂದ ಇತರ ಕಾರ್ಖಾನೆಗಳಿಗೂ ಅದೇ ಲಸಿಕೆಯನ್ನು ತಯಾರಿಸುವ ಅನುಮತಿಯನ್ನು ಕೊಡಬೇಕು. ಐದು, ವಿದೇಶಗಳಲ್ಲಿ ನಂಬಲರ್ಹರಾದವರು ಒಪ್ಪಿದ ಲಸಿಕೆಗಳನ್ನು ಇಲ್ಲಿ ಮತ್ತೆ ಪರೀಕ್ಷೆಗೆ ಒಡ್ಡದೆ ತರಿಸಿಕೊಳ್ಳಬೇಕು. ಒಟ್ಟು ಎಷ್ಟು ಕೋಟಿ ಜನಕ್ಕೆ ಲಸಿಕೆ ಹಾಕಿದೆವೆಂಬ ಲೆಕ್ಕಕ್ಕಿಂತ ನೂರಕ್ಕೆ ಎಷ್ಟು ಜನಕ್ಕೆ ಹಾಕಿದೆವೆಂಬ ಲೆಕ್ಕವನ್ನು ನೋಡಬೇಕೆಂದೂ ಅವರು ಹೇಳಿದ್ದರು.

ಈ ಪತ್ರದ ರೀತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇದರಲ್ಲಿ ಬೈಗುಳವಿಲ್ಲ. ವ್ಯಕ್ತಿಯ ಮಾತಿಲ್ಲ, ಕೆಲಸದ ಮಾತಿದೆ. ‘ಹೀಗೆ ಮಾಡಬೇಡಿ’ ಎಂಬುದಕ್ಕಿಂತ ‘ಹೀಗೆ ಮಾಡಿ’ ಎಂಬುದು ಹೆಚ್ಚಾಗಿದೆ.

ಹಾಗೆಂದು ಪತ್ರವು ದೋಷರಹಿತವಾಗಿತ್ತೆಂದು ನಾವು ಹೇಳುವುದಿಲ್ಲ. ಮರುದಿನವೇ ಆಗಿನ ಆರೋಗ್ಯಮಂತ್ರಿ ಡಾ. ಹರ್ಷವರ್ಧನ ಅವರು ಬಹಿರಂಗವಾಗಿ ಉತ್ತರವನ್ನು ಬರೆದರು. ವಿದೇಶೀ ಲಸಿಕೆಗಳ ವಿಷಯದಲ್ಲಿ ಸರ್ಕಾರವು ಪತ್ರಕ್ಕೆ ಮೊದಲೇ ತೀರ್ಮಾನ ಕೈಕೊಂಡಿತ್ತೆಂದು ಅವರು ತೋರಿಸಿದರು. ಅದು ನಿಜ, ಆ ತೀರ್ಮಾನವು ಏಪ್ರಿಲ್ ೧೩ರಂದೇ ಪ್ರಕಟವಾಗಿತ್ತು. ಟೀಕಿಸುವವನು ನಿನ್ನೆಯವರೆಗಿನ ಸಂಗತಿಗಳನ್ನು ತಿಳಿದಿರಬೇಕೆಂಬುದು ಇದರಿಂದ ಕಲಿಯಬೇಕಾದ ಪಾಠ. ಆದರೆ ಉತ್ತರದ ಬಹುಭಾಗವು ಪತ್ರ ಬರೆದವರ ಪಕ್ಷದವರು ಲಸಿಕೆಯ ಬಗ್ಗೆ ಸಂಶಯ ಹರಡಿದರೆಂಬ ಆಕ್ಷೇಪಣೆಗೆ ಮೀಸಲಾಯಿತು. ಸಾಲಿನಲ್ಲಿ ನಿಂತ ಅಜ್ಜಿಗೆ ಬೇಕಾಗಿದ್ದುದು ಆ ಲೆಕ್ಕವಲ್ಲ. ಟೀಕೆಗೆ ಮರ್ಯಾದೆಯುಂಟು, ಹಾಗೆಯೇ ಉತ್ತರಕ್ಕೂ ಮರ್ಯಾದೆಯುಂಟು.

ಮುಂದೇನಾಯಿತು? ಏಪ್ರಿಲ್ ೧೯ರಂದು, ಮೇ ೧ರಿಂದ ೧೮ ವರ್ಷ ತುಂಬಿದವರೆಲ್ಲರಿಗೂ ಲಸಿಕೆಯೆಂದು ಸರ್ಕಾರವು ಸಾರಿತು. ಆದರೆ ತಯಾರಾದುದರ ಅರ್ಧವನ್ನು ರಾಜ್ಯಗಳೂ ಖಾಸಗಿ ಆಸ್ಪತ್ರೆಗಳೂ ತಾವೇ ಕೊಳ್ಳಬೇಕಾಯಿತು. ಹಡಪಸರದ ಅದೇ ಲಸಿಕೆಗೆ ಕೇಂದ್ರಕ್ಕೆ ೧೫೦ ರೂಪಾಯಿ, ರಾಜ್ಯಗಳಿಗೆ ಮೊದಲು ೪೦೦ ಆಮೇಲೆ ೩೦೦, ಖಾಸಗಿ ಆಸ್ಪತ್ರೆಗಳಿಗೆ ೬೦೦ ಎಂದು ಬೆಲೆಯಾಯಿತು. ೧೮ರಿಂದ ೪೪ ವರ್ಷದವರು ಹಣ ತೆರಬೇಕಾದ ಈ ನೀತಿಯು ಮೇಲುನೋಟಕ್ಕೆ ವಿವೇಚನಾರಹಿತವೆಂದು ಸರ್ವೋಚ್ಚ ನ್ಯಾಯಾಲಯವು ಮೇ ೩೧ರ ಆಜ್ಞೆಯಲ್ಲಿ ಹೇಳಿತು. ಜೂನ್ ೭ರಂದು ಪ್ರಧಾನಮಂತ್ರಿಗಳು ನೀತಿಯನ್ನು ಬದಲಾಯಿಸಿ, ಉತ್ಪಾದನೆಯ ನೂರಕ್ಕೆ ೭೫ರಷ್ಟನ್ನು ಕೇಂದ್ರವೇ ಕೊಂಡು ಉಚಿತವಾಗಿ ಕೊಡುವುದೆಂದು ಸಾರಿದರು. ಅಕ್ಟೋಬರ್ ೨೧ರ ವೇಳೆಗೆ ದೇಶದಲ್ಲಿ ನೂರು ಕೋಟಿ ಸಲ ಲಸಿಕೆ ಹಾಕಿದಂತಾಯಿತು. ಇದೆಲ್ಲ ಒಂದು ಪತ್ರದಿಂದ ಆಯಿತೆಂದರೆ ಅತಿಶಯೋಕ್ತಿಯಾದೀತು. ನ್ಯಾಯಾಲಯ, ರಾಜ್ಯಗಳು, ಪತ್ರಿಕೆಗಳು ಎಲ್ಲವೂ ಮಾತನಾಡಿದ್ದವು. ಮಾತನಾಡಿದ್ದರಿಂದ ದೇಶವು ಕೆಡಲಿಲ್ಲ, ನೀತಿಯು ತಿದ್ದಿಕೊಂಡಿತು. ನಾವು ಹೇಳಬೇಕಾದುದು ಇಷ್ಟೆ.

ನಮ್ಮ ಕನ್ನಡನಾಡಿನ ಮಾಜಿ ಪ್ರಧಾನಮಂತ್ರಿಗಳಾದ ಎಚ್. ಡಿ. ದೇವೇಗೌಡರೂ ಅದೇ ಏಪ್ರಿಲ್ ತಿಂಗಳ ಕೊನೆಯಲ್ಲಿ ಪ್ರಧಾನಮಂತ್ರಿಗಳಿಗೆ ಸಲಹೆಗಳ ಪತ್ರವನ್ನು ಬರೆದರು. ರಾಜಧಾನಿಯಲ್ಲಿ ಮಾತ್ರವಲ್ಲದೆ ಜಿಲ್ಲೆ ತಾಲ್ಲೂಕುಗಳಲ್ಲಿ ಕೆಲಸ ನಡೆಯಬೇಕೆಂದೂ, ಚುನಾವಣೆಯ ವಿಜಯೋತ್ಸವಗಳನ್ನು ನಿಷೇಧಿಸಬೇಕೆಂದೂ ಅವರು ಸೂಚಿಸಿದರು. ಹಳ್ಳಿಯನ್ನು ಬಲ್ಲವರ ಮಾತು ಅದು.

ಇನ್ನೊಂದು ಬಗೆಯ ಟೀಕೆಯೂ ಉಂಟು. ಹಿಂದೆ ಮುಖ್ಯಮಂತ್ರಿಗಳಾಗಿದ್ದ ಸಿದ್ದರಾಮಯ್ಯನವರು ೨೦೨೦ರ ಜುಲೈ ತಿಂಗಳಿನಲ್ಲಿ ಕರ್ನಾಟಕ ವಿಧಾನಸಭೆಯ ವಿರೋಧಪಕ್ಷದ ನಾಯಕರಾಗಿದ್ದರು. ಕೋವಿಡ್ ಉಪಕರಣಗಳ ಖರೀದಿಯಲ್ಲಿ ಅವ್ಯವಹಾರವಾಗಿದೆಯೆಂದು ಅವರು ಆರೋಪಿಸಿ ಲೆಕ್ಕವನ್ನು ಕೇಳಿದರು. ಆಗಿನ ಸರ್ಕಾರವು ಅದನ್ನು ಅಲ್ಲಗಳೆಯಿತು. ವಿರೋಧಪಕ್ಷದ ನಾಯಕನಿಗೆ ಲೆಕ್ಕ ಕೇಳುವುದು ಸ್ವಾತಂತ್ರ್ಯ ಮಾತ್ರವಲ್ಲ, ಕರ್ತವ್ಯವೇ ಸರಿ. ಆದರೆ ಆರೋಪವು ತೀರ್ಪಲ್ಲ. ಅವರೇ ಮತ್ತೆ ಮುಖ್ಯಮಂತ್ರಿಗಳಾದ ಮೇಲೆ, ೨೦೨೩ರಲ್ಲಿ, ನಿವೃತ್ತ ನ್ಯಾಯಾಧೀಶರಾದ ಜಾನ್ ಮೈಕೆಲ್ ಕುನ್ಹ ಅವರ ವಿಚಾರಣಾ ಆಯೋಗವು ನೇಮಕವಾಯಿತು. ಆರೋಪ ಮಾಡಿದವನೇ ಅಧಿಕಾರಕ್ಕೆ ಬಂದಾಗ, ತೂಗುವ ತಕ್ಕಡಿಯು ಅವನ ಕೈಯಲ್ಲಿರದೆ ಮೂರನೆಯವರ ಕೈಯಲ್ಲಿರಬೇಕೆಂಬುದನ್ನು ನಾವು ಮರೆಯಬಾರದು.

ಸ್ವಂತ ಕೆಲಸವನ್ನು ಉಳಿಸಿಕೊಳ್ಳಲು ಆಡುವ ಮಾತು ಮತ್ತೊಂದು ಬಗೆ. ಒಬಾಮ ಅವರು ೨೦೧೦ರಲ್ಲಿ ತಂದ ಆರೋಗ್ಯವಿಮೆಯ ಕಾನೂನನ್ನು ೨೦೧೭ರಲ್ಲಿ ಹೊಸ ಆಡಳಿತವು ತೆಗೆದುಹಾಕಲು ಹೊರಟಾಗ, ಅವರು ಬಹಿರಂಗವಾಗಿ ವಿರೋಧಿಸಿದರು. ಅದು ತಪ್ಪಲ್ಲ. ಆದರೆ ತಾನು ನೆಟ್ಟ ಮರದ ಮೇಲೆ ಎಲ್ಲರಿಗೂ ಮಮತೆಯಿರುತ್ತದೆ. ಕೇಳುವವರು ಅಷ್ಟನ್ನು ಕಳೆದು ಉಳಿದುದನ್ನು ತೂಗಬೇಕು.

ಹಾಗಾದರೆ ಒಳ್ಳೆಯ ಟೀಕೆಯ ಲಕ್ಷಣಗಳಾವುವು? ಮೊದಲನೆಯದಾಗಿ, ಅದು ಕೆಲಸವನ್ನು ಕುರಿತಿರಬೇಕು, ಕೆಲಸಗಾರನನ್ನಲ್ಲ. ಎರಡನೆಯದಾಗಿ, ತಪ್ಪಿನ ಜೊತೆಗೆ ದಾರಿಯನ್ನೂ ತೋರಿಸಬೇಕು. ಮೂರನೆಯದಾಗಿ, ಔಷಧದ ಮೇಲಿನ ಜನರ ನಂಬಿಕೆಯನ್ನು ಕೆಡಿಸದೆ ಹಂಚಿಕೆಯ ದೋಷವನ್ನು ಮಾತ್ರ ಹೇಳಬೇಕು. ನಾಲ್ಕನೆಯದಾಗಿ, ಟೀಕಿಸುವವನು ತನ್ನ ಕಾಲದ ಕೊರತೆಯನ್ನೂ ಒಪ್ಪಿಕೊಳ್ಳಬೇಕು. ಸರ್ಕಾರಗಳು ಆರೋಗ್ಯಕ್ಕಾಗಿ ಮಾಡುವ ವೆಚ್ಚವು ದೇಶದ ಒಟ್ಟು ಉತ್ಪನ್ನದ ನೂರಕ್ಕೆ ೨.೫ರಷ್ಟಾಗಬೇಕೆಂದು ೨೦೧೭ರ ರಾಷ್ಟ್ರೀಯ ಆರೋಗ್ಯನೀತಿಯು ಗುರಿಯನ್ನಿಟ್ಟಿತು. ಅದಕ್ಕೆ ಮುಂಚೆ ಎಷ್ಟೋ ವರ್ಷ ಅದು ನೂರಕ್ಕೆ ಒಂದರ ಆಸುಪಾಸಿನಲ್ಲಿಯೇ ಉಳಿದಿತ್ತು. ಸಾಲು ಉದ್ದವಾದುದಕ್ಕೆ ಇಂದಿನವರಷ್ಟೇ ಅಲ್ಲ, ನಿನ್ನೆಯವರೂ ಸ್ವಲ್ಪ ಹೊಣೆಗಾರರು.

ಕೊನೆಯದಾಗಿ, ಮಾತಿನ ಹಿಂದೆ ಕೆಲಸವಿರಬೇಕು. ೧೮೯೭ರಲ್ಲಿ ಪುಣೆಗೆ ಪ್ಲೇಗು ಬಂದಾಗ ಸೈನಿಕರು ಮನೆಮನೆಗೆ ನುಗ್ಗಿ ಶೋಧಿಸುತ್ತಿದ್ದರು. ಆ ಕ್ರಮಗಳನ್ನು ಲೋಕಮಾನ್ಯ ಟಿಳಕರು ‘ಕೇಸರಿ’ಯಲ್ಲಿ ಟೀಕಿಸಿದರು, ಟೀಕಿಸಿ ಊರು ಬಿಟ್ಟು ಹೋಗದೆ, ರೋಗಿಗಳಿಗಾಗಿ ಆಸ್ಪತ್ರೆಯನ್ನು ತೆರೆಯಲು ಮುಂದಾದರು. ಅದೇ ವರ್ಷ ಸಾವಿತ್ರಿಬಾಯಿ ಫುಲೆಯವರು ಮಗನಾದ ಡಾ. ಯಶವಂತರೊಡನೆ ಇದೇ ಹಡಪಸರದ ಸಸಾಣೆ ಮಳಾದಲ್ಲಿ ಪ್ಲೇಗಿನ ರೋಗಿಗಳ ಆರೈಕೆಯಲ್ಲಿ ನಿಂತರು. ಮುಂಢವೆಯ ಬಾಲಕನೊಬ್ಬನನ್ನು ಹೊತ್ತು ತಂದ ಅವರಿಗೆ ರೋಗವು ಅಂಟಿ, ಮಾರ್ಚ್ ೧೦ರಂದು ಅವರು ತೀರಿಕೊಂಡರು. ಅವರಿಗೆ ಯಾವ ಅಧಿಕಾರವೂ ಇರಲಿಲ್ಲ. ಆದರೆ ಆರೋಗ್ಯದ ವಿಷಯದಲ್ಲಿ ಮಾತನಾಡುವ ಹಕ್ಕು ಅವರಿಗಿಂತ ಹೆಚ್ಚಾಗಿ ಯಾರಿಗಿದ್ದೀತು?

ವಿದ್ಯಾರ್ಥಿಗಳೇ, ಇದು ದೆಹಲಿಯ ಮಾತು, ನಮಗೇಕೆ ಎನ್ನಬೇಡಿರಿ. ನಮ್ಮ ಶಾಲೆಯ ವಿದ್ಯಾರ್ಥಿ ಮಂತ್ರಿಮಂಡಲದಲ್ಲಿಯೂ ಪ್ರತಿವರ್ಷ ಒಬ್ಬ ಆರೋಗ್ಯಮಂತ್ರಿಯಿರುತ್ತಾನೆ. ಹಿಂದಿನ ವರ್ಷದ ಮಂತ್ರಿಯು ಕುಡಿಯುವ ನೀರಿನ ತೊಟ್ಟಿಯು ತೊಳೆಯದೆ ಪಾಚಿಗಟ್ಟಿರುವುದನ್ನು ಕಂಡನೆನ್ನೋಣ. ಅವನು ಮೊದಲು ಹೊಸ ಮಂತ್ರಿಗೆ ತಿಳಿಸಲಿ. ಕೇಳದಿದ್ದರೆ ಸಭೆಯಲ್ಲಿ ಎದ್ದು ಹೇಳಲಿ. ತನ್ನ ವರ್ಷದಲ್ಲಿ ಎಷ್ಟು ಸಲ ತೊಳೆಸಿದ್ದನೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಲಿ. ಆಮೇಲೆ ಹೊಸ ಮಂತ್ರಿಯೊಡನೆ ಪೊರಕೆ ಹಿಡಿದು ತಾನೂ ತೊಟ್ಟಿಗೆ ಇಳಿಯಲಿ. ಆ ನೀರನ್ನು ಕುಡಿಯುವವರು ಒಂದನೆಯ ತರಗತಿಯ ಮಕ್ಕಳು. ಯಾರು ಮಂತ್ರಿ, ಯಾರು ಮಾಜಿ ಎಂಬುದು ಅವರಿಗೆ ಗೊತ್ತಿರುವುದಿಲ್ಲ.